ಹೊಲ ನಮ್ಮದು, ಮಷಿನ್ ಯಾರದೋ

ಮಾನ್ಯ ಸಂಪಾದಕರೇ,

ನಮ್ಮ ಹೊಲದಲ್ಲಿ 17 ಗುಂಡಿ ಬಿದ್ದಿವೆ. ಗಿಡ ನೆಡೋಕೆ ತೆಗೆದದ್ದಲ್ಲ, ಹಂದಿ ಕೆದರಿದ್ದೂ ಅಲ್ಲ. ನಿಧಿ ಹುಡುಕುವ ಮಷಿನ್ ಹಿಡಿದುಕೊಂಡು ಬಂದ ಮೂವರು ಹುಡುಗರು ಒಂದೇ ಮಧ್ಯಾಹ್ನದಲ್ಲಿ ತೋಡಿ ಹೋದದ್ದು. ಅದೂ ಕದ್ದುಮುಚ್ಚಿ ಅಲ್ಲ. ನಮ್ಮ ಮನೆಯವರನ್ನೇ ಕೇಳಿ, ನಮ್ಮ ಮನೆಯ ಚಹಾ ಕುಡಿದು. ಇದನ್ನು ಪತ್ರಿಕೆಗೆ ಬರೆಯೋಣವೋ ಬೇಡವೋ ಅಂತ ಎರಡು ತಿಂಗಳು ಹಿಂದೆ ಮುಂದೆ ನೋಡಿದೆ. ಊರಲ್ಲಿ ನಗ್ತಾರೆ, ಬೀಗರು ಸಿಟ್ಟಾಗ್ತಾರೆ. ಆದರೆ ಈಗ ಆಜುಬಾಜಿನ ಊರುಗಳಲ್ಲೂ ಇದೇ ಶುರುವಾಗಿದೆ ಅಂತ ಕೇಳಿದ ಮೇಲೆ ಬರೆದೇ ಬಿಡೋಣ ಅನಿಸಿತು.

ನಮ್ಮದು ಗಂಗಾವತಿ ತಾಲ್ಲೂಕು. ಕಾಲುವೆ ನೀರು ಹಾಯುವ ಗದ್ದೆ ಸ್ವಲ್ಪ ಇದೆ, ಗುಡ್ಡದ ಬುಡದಲ್ಲಿ ಮಳೆ ನಂಬಿದ ಕೆಂಪು ಹೊಲ ಮೂರು ಎಕರೆ. ಆ ಹೊಲದ ಮೂಲೆಯಲ್ಲಿ ಅರ್ಧ ಕುಸಿದ ಒಂದು ಹುಡೇವು, ಅಂದರೆ ಹಳೇ ಕಾಲದ ಕಾವಲು ಬುರುಜು, ಅದರ ಪಕ್ಕ ಬೇವಿನ ಗಿಡದ ಕೆಳಗೆ ಮುಖ ಸವೆದ ಹನುಮಪ್ಪ. ಜನ ಕಥೆ ಕಟ್ಟೋಕೆ ಇಷ್ಟು ಸಾಕಲ್ವಾ? ನಾನು ಚಡ್ಡಿ ಹಾಕುವ ಕಾಲದಿಂದ ಕೇಳ್ತಾ ಬಂದಿದ್ದೀನಿ: ಹಂಪಿ ಹಾಳಾದಾಗ ಆನೆಗಳ ಮೇಲೆ ಬಂಗಾರ ಹೇರಿಕೊಂಡು ಹೋಗುವಾಗ ಒಂದು ಆನೆ ಇಲ್ಲೇ ಕುಸಿದು ಬಿತ್ತಂತೆ, ಅದರ ಮೇಲಿದ್ದ ಕೊಪ್ಪರಿಗೆಗಳನ್ನು ಹುಡೇವಿನ ಹತ್ತಿರವೇ ಹೂತರಂತೆ. 1565ರ ಯುದ್ಧ ಮುಗಿದ ಮೇಲೆ ಆ ಆನೆ ಎಷ್ಟು ಊರಲ್ಲಿ ಕುಸಿದು ಬಿದ್ದಿದೆಯೋ! ನಮ್ಮ ಕಡೆ ಪ್ರತಿ ಗುಡ್ಡಕ್ಕೂ ಅಂಥದ್ದೊಂದು ಆನೆ ಇದೆ.

ಯುಗಾದಿ ಮುಗಿದು ಹೊಲ ಖಾಲಿ ಬಿದ್ದಿತ್ತು. ನಾನು ಮದುವೆಗೆ ಅಂತ ಸಿಂಧನೂರಿಗೆ ಹೋಗಿದ್ದೆ. ಆ ದಿನ ನನ್ನ ತಂಗಿಯ ಗಂಡನ ಮನೆ ಕಡೆಯ ಹುಡುಗ ಒಬ್ಬ, ಜೊತೆಗೆ ಹೊರಗಿನವರು ಇಬ್ಬರನ್ನು ಕರೆದುಕೊಂಡು ಬಂದಿದ್ದಾನೆ. ಅಣ್ಣನ ಹತ್ತಿರ ಮಾತಾಡಿದ್ದಾನೆ. ಸಿಕ್ಕಿದ್ದರಲ್ಲಿ ಅರ್ಧ ನಿಮಗೆ, ಅರ್ಧ ನಮಗೆ, ಏನೂ ಸಿಗದಿದ್ದರೆ ನಿಮಗೇನು ನಷ್ಟ ಅಂದಿದ್ದಾನೆ. ಬೀಗರ ಹುಡುಗ, ಬೇಡ ಅನ್ನೋದು ಹೇಗೆ? ಅಣ್ಣ ಹೂಂ ಅಂದುಬಿಟ್ಟ.

ನಾನು ಬಂದಾಗ ಹೊತ್ತು ನಾಲ್ಕು ದಾಟಿತ್ತು. ನೋಡೋಣ ಅಂತ ಬೇವಿನ ಗಿಡದ ಕೆಳಗೆ ಕೂತೆ. ಸುಳ್ಳು ಯಾಕೆ ಹೇಳಲಿ, ನನಗೂ ಒಂದು ಕ್ಷಣ ಆಸೆ ಬಂತು. ಊಟದ ತಟ್ಟೆಯಷ್ಟು ಅಗಲದ ಕಪ್ಪು ಬಿಲ್ಲೆ, ಅದಕ್ಕೆ ಉದ್ದನೆಯ ಕೋಲು, ಕೋಲಿನ ತುದಿಗೆ ಸಣ್ಣ ಪರದೆ. ಒಬ್ಬ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಿಲ್ಲೆಯನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಎಡಕ್ಕೆ ಬಲಕ್ಕೆ ಆಡಿಸುತ್ತಾ ಸಾಲು ಹಿಡಿದು ಬರ್ತಾನೆ, ಕುಂಯ್ ಅಂದ ತಕ್ಷಣ ನಿಲ್ತಾನೆ, ಇನ್ನೊಬ್ಬ ಹಾರೆ ಹಾಕ್ತಾನೆ. ಮೊದಲ ಗುಂಡಿಯಲ್ಲಿ ಎತ್ತಿನ ಲಾಳ. ಎರಡನೆಯದರಲ್ಲಿ ಲಾಳದ ಮೊಳೆ. ಆಮೇಲೆ ಟ್ರ್ಯಾಕ್ಟರಿನ ಬೋಲ್ಟು, ಬಿಯರ್ ಬಾಟಲಿಯ ಮುಚ್ಚಳ, ಎಣ್ಣೆ ಹೊಡೆಯುವ ಔಷಧಿ ಡಬ್ಬಿಯ ಬಾಯಿಗೆ ಅಂಟಿಸಿರ್ತಾರಲ್ಲ ಆ ಬೆಳ್ಳಿ ಬಣ್ಣದ ಹಾಳೆ, ಮಾತ್ರೆ ಇಟ್ಟು ಬರುವ ಅಂಥದೇ ಹಾಳೆಯ ಚೀಟಿ. ಐದೋ ಆರನೆಯದೋ ಗುಂಡಿಯಲ್ಲಿ ಒಂದು ನೇಗಿಲ ಗುಳ ಬಂತು, ತುಕ್ಕು ತಿಂದು ತುದಿ ಮೊಂಡಾಗಿತ್ತು. ಅದನ್ನು ನೋಡಿ ಅಣ್ಣ ಎದ್ದು ನಿಂತ. ನಮ್ಮಪ್ಪ ಇದೇ ಗುಳ ಕಳೆದುಹೋಯಿತು ಅಂತ ನಮ್ಮಲ್ಲಿ ಸಂಬಳಕ್ಕಿದ್ದ ಆಳಿನ ಮೇಲೆ ಅನುಮಾನಪಟ್ಟು ಬೈದಿದ್ದ. ಆ ಮನುಷ್ಯ ಮಾರನೇ ದಿನದಿಂದ ನಮ್ಮ ಹೊಲಕ್ಕೆ ಕಾಲಿಡಲಿಲ್ಲ. ಈಗ ಅಪ್ಪನೂ ಇಲ್ಲ, ಅವನೂ ಇಲ್ಲ.

ಹುಡುಗರಿಗೆ ಅದೆಲ್ಲ ಏನು ಗೊತ್ತು. ಗುಳ ಒಗೆದು ಮುಂದೆ ಹೋದರು.

ಹುಡೇವಿನ ಹತ್ತಿರ ಹೋದ ಮೇಲೆ ಮಷಿನ್ ನಿಲ್ಲದೆ ಕೂಗೋಕೆ ಶುರುಮಾಡಿತು. "ಮಾವ, ಕೆಳಗ ಭಾರಿ ಮಾಲು ಐತಿ" ಅಂದ ನಮ್ಮ ಹುಡುಗ. ಎದೆಯುದ್ದ ತೋಡಿದರು. ಬರೀ ಕೆಂಪು ಮಣ್ಣು, ಆಮೇಲೆ ಮರಂ, ಅಂದರೆ ಗರಸು ಮಣ್ಣು. ನಾನು ಮನೆಗೆ ಬಂದು ರಾತ್ರಿಯೆಲ್ಲ ಮೊಬೈಲಲ್ಲಿ ಓದಿದೆ, ಆಮೇಲೆ ಪರಿಚಯದ ಒಬ್ಬ ಎಲೆಕ್ಟ್ರಾನಿಕ್ಸ್ ಮೇಷ್ಟ್ರನ್ನೂ ಕೇಳಿದೆ. ವಿಷಯ ಇಷ್ಟೇ: ಆ ಬಿಲ್ಲೆಯೊಳಗೆ ತಂತಿಯ ಸುರುಳಿ ಇರುತ್ತೆ, ಅದರಲ್ಲಿ ಕರೆಂಟ್ ಹರಿಸಿದಾಗ ಸುತ್ತ ಕಾಂತಕ್ಷೇತ್ರ ಹುಟ್ಟುತ್ತೆ, ನೆಲದೊಳಗೆ ಲೋಹ ಇದ್ದರೆ ಅದರಲ್ಲೂ ಸಣ್ಣ ಕರೆಂಟ್ ಸುತ್ತಿ ಅದು ವಾಪಸ್ ಕೊಡುವ ಸುಳಿವನ್ನು ಇನ್ನೊಂದು ಸುರುಳಿ ಹಿಡಿಯುತ್ತೆ. ಆದರೆ ಮಣ್ಣಿನಲ್ಲೇ ಕಬ್ಬಿಣದ ಅಂಶ ಇದ್ದರೆ ಮಣ್ಣೇ ಕೂಗುತ್ತೆ. ಹಳ್ಳದ ಮರಳಲ್ಲಿ ಆಯಸ್ಕಾಂತ ಆಡಿಸಿದರೆ ಕರಿ ಪುಡಿ ಅಂಟಿಕೊಳ್ಳುತ್ತಲ್ಲ, ಚಿಕ್ಕವರಿದ್ದಾಗ ಎಲ್ಲರೂ ಆಡಿದ್ದೀವಿ, ಅದೇ. ನಮ್ಮ ಮಣ್ಣು ಕೆಂಪಗಿರೋದೇ ಕಬ್ಬಿಣದ ತುಕ್ಕಿನಿಂದ. ಮಣ್ಣಿಗೆ ತಕ್ಕ ಹಾಗೆ ಮಷಿನನ್ನು ಹೊಂದಿಸಿಕೊಳ್ಳಬೇಕು, ಆ ಹುಡುಗರಿಗೆ ಅದು ಗೊತ್ತಿರಲಿಲ್ಲ.

ಇನ್ನೊಂದು ಮಾತು. ಮೂವತ್ತು ಅಡಿ ಆಳದ ಬಂಗಾರ ಮಾತ್ರ ತೋರಿಸುತ್ತೆ ಅಂತ ಅವರು ಅಣ್ಣನಿಗೆ ಹೇಳಿದ್ದು ಶುದ್ಧ ಸುಳ್ಳು. ಇಂಥ ಕೈ ಮಷಿನ್‌ಗೆ ಒಂದು ನಾಣ್ಯ ಕಾಣೋದು ಹೆಚ್ಚುಕಡಿಮೆ ಒಂದು ಗೇಣು ಆಳದವರೆಗೆ. ದೊಡ್ಡ ಪಾತ್ರೆಯಾದರೆ ಇನ್ನೂ ಸ್ವಲ್ಪ ಕೆಳಗೆ. ಬಂಗಾರದ ಸಣ್ಣ ತುಣುಕಿಗೂ ಅಲ್ಯುಮಿನಿಯಂ ಹಾಳೆಗೂ ಅದು ಕೊಡುವ ಸದ್ದು ಒಂದಕ್ಕೊಂದು ಹತ್ತಿರ. ಹಾಳೆ ಬೇಡ ಅಂತ ಆ ಸದ್ದು ಬಂದ್ ಮಾಡಿದರೆ ಬಂಗಾರದ ಉಂಗುರವೂ ತಪ್ಪಿ ಹೋಗಬಹುದು. ಅಂದರೆ ನಿಜವಾಗಿ ಹುಡುಕುವವನು ಪ್ರತಿ ಮಾತ್ರೆ ಚೀಟಿಗೂ ಒಂದು ಗುಂಡಿ ತೋಡಲೇಬೇಕು. ನಮ್ಮ ಹೊಲಗಳಲ್ಲಿ ಇಂಥ ಚೀಟಿ ಎಷ್ಟಿವೆ ಅಂತ ನಿಮಗೆ ಹೇಳಬೇಕಾ?

ನಷ್ಟ ಏನು ಅಂದರೆ ಕೇಳಿ. ಗುಂಡಿ ಮುಚ್ಚದೆ ಹೋದರು. ಒಡ್ಡು ಎರಡು ಕಡೆ ಒಡೆದಿದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮೇಲ್ಮಣ್ಣು ಅಲ್ಲಿಂದಲೇ ಹಳ್ಳಕ್ಕೆ ಹೋಯಿತು. ಹಿಂಡು ಹೊಡೆದುಕೊಂಡು ಬಂದ ಕುರಿಗಾರರ ಒಂದು ಕುರಿ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿತು, ಮೂರು ಸಾವಿರ ಕೊಟ್ಟು ಕೈಮುಗಿದೆ. ಹುಡೇವಿನ ಬುಡದ ನಾಲ್ಕು ಕಲ್ಲು ಈಗ ಗಾಳಿಯಲ್ಲಿ ನಿಂತಿವೆ.

ಸಿಕ್ಕಿದ್ದು ಒಂದೇ ಒಂದು ನಾಣ್ಯ. ಒಂದು ಕಡೆ ಚಾರ್‌ಮಿನಾರ್, ಇನ್ನೊಂದು ಕಡೆ ಉರ್ದು ಬರಹ. ಬೆಳ್ಳಿಯೋ ನಿಕ್ಕಲ್ಲೋ ಅಂತ ತಿಕ್ಕಿ ನೋಡಿ, ಬಂಗಾರ ಅಲ್ಲ ಅಂತ ಖಾತ್ರಿಯಾದ ಮೇಲೆ "ತಗೋರಿ, ಇದು ನಿಮ್ಮ ಪಾಲು" ಅಂತ ಅಣ್ಣನ ಕೈಗೆ ಹಾಕಿ ಗಾಡಿ ಹತ್ತಿದರು. ಅವ್ವನಿಗೆ 80 ದಾಟಿದೆ, ಕಣ್ಣು ಮಂಜು. ಬೆರಳಲ್ಲಿ ಸವರಿ "ಹಾಲಿ ದುಡ್ಡು ಇದು, ನಿಜಾಮಂದು" ಅಂದಳು. ಹಾಲಿ ಅಂದರೆ ನಿಜಾಮನ ರಾಜ್ಯದ ನಾಣ್ಯಕ್ಕಿದ್ದ ಹೆಸರು. ಹೊಳೆಯ ಆಚೆ ಬಳ್ಳಾರಿ ಮದ್ರಾಸಿನವರ ಕೈಲಿತ್ತು, ಈಚೆ ನಾವು ರಾಯಚೂರು ಕೊಪ್ಪಳದವರು 1948ರವರೆಗೆ ನಿಜಾಮನ ಕೈಲಿದ್ದೆವು ಅನ್ನೋದು ಶಾಲೆಯ ಪುಸ್ತಕದಲ್ಲಿ ಓದಿದ್ದು. ಅವ್ವ ಮಾತ್ರ ಆ ದುಡ್ಡು ಕೊಟ್ಟು ಸಂತೆಯಲ್ಲಿ ಚುರುಮುರಿ ತಿಂದವಳು.

ಈಗ ಬರ್ತೀನಿ ಮುಖ್ಯ ವಿಷಯಕ್ಕೆ. ಹೊಲದ ಯಜಮಾನ ಹೂಂ ಅಂದರೆ ಸಾಕು, ಖಾಸಗಿ ಜಾಗ, ಯಾರೇನು ಕೇಳ್ತಾರೆ ಅಂತ ಆ ಹುಡುಗರು ನಂಬಿದ್ದಾರೆ. ಅಣ್ಣನೂ ಹಾಗೇ ನಂಬಿದ್ದ. ಅದು ಹಾಗಿಲ್ಲ. ಬ್ರಿಟಿಷರು 1878ರಲ್ಲೇ ನಿಧಿ ಕಾಯ್ದೆ ಮಾಡಿದ್ದರು, ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ಬರೆದು ತಿಳಿಸಬೇಕು ಅಂತ. ಮುಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಜೈಲು, ಅದಕ್ಕೆ ಕೈಜೋಡಿಸಿದ ಜಾಗದ ಮಾಲೀಕನಿಗೂ ಆರು ತಿಂಗಳವರೆಗೆ. ನಮ್ಮ ರಾಜ್ಯ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು, ಅಲ್ಲೂ ಸಿಕ್ಕಿದವನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೂರು ವರ್ಷ ದಾಟಿದ ಮೂರ್ತಿ, ನಾಣ್ಯ, ಶಿಲ್ಪ 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೆ ಬರುತ್ತವೆ, ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಇನ್ನೂ ಒಂದಿದೆ. 1958ರ ಸ್ಮಾರಕಗಳ ಕಾಯ್ದೆ ಪ್ರಕಾರ, ಸಂರಕ್ಷಿತ ಅಂತ ಬೋರ್ಡ್ ಇಲ್ಲದ ಜಾಗದಲ್ಲೂ ಪುರಾತತ್ವದ ಕೆಲಸಕ್ಕೆ ಉತ್ಖನನ ಮಾಡಿಸಬೇಕಾದರೆ ರಾಜ್ಯ ಸರ್ಕಾರ ಮೊದಲು ಕೇಂದ್ರದ ಒಪ್ಪಿಗೆ ಪಡೀಬೇಕು. ಸರ್ಕಾರಕ್ಕೇ ಒಪ್ಪಿಗೆ ಬೇಕು, ನಮ್ಮ ಬೀಗರ ಹುಡುಗನಿಗೆ ಒಂದು ಕಪ್ ಚಹಾ ಸಾಕಾಯ್ತು!

ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಅರ್ಧ-ಅರ್ಧ ಅಂತ ಬರೆಸಿಕೊಳ್ಳುವವರೂ ಇದ್ದಾರಂತೆ. ದಯವಿಟ್ಟು ರುಜು ಹಾಕಬೇಡಿ. ನಾಳೆ ಕೇಸಾದರೆ, ಹೊಲದ ಮಾಲೀಕನಿಗೆ ಎಲ್ಲ ಗೊತ್ತಿತ್ತು ಅನ್ನೋಕೆ ಅದೇ ಸಾಕ್ಷಿ. ಅವರು ಗಾಡಿ ಹತ್ತಿ ಹೋಗ್ತಾರೆ, ಪಹಣಿಯಲ್ಲಿ ಇರೋದು ನಿಮ್ಮ ಹೆಸರು.

ಇಷ್ಟೆಲ್ಲ ಓದಿಕೊಂಡ ಮೇಲೆ ಆ ನಾಣ್ಯ ಮನೇಲಿ ಇಟ್ಟುಕೊಳ್ಳೋಕೆ ನನಗೆ ಅಳುಕು. ಹತ್ತು ರೂಪಾಯಿಗಿಂತ ಜಾಸ್ತಿ ಬಾಳುತ್ತೋ ಇಲ್ಲವೋ ನನಗೇನು ಗೊತ್ತು? ಒಂದು ಕಾಗದದಲ್ಲಿ ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅಂತ ಬರೆದು, ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಒಂದು ಸರ್ಕಾರಿ ಕಚೇರಿಗೆ ಹೋದೆ. ಅಲ್ಲಿದ್ದವರು ನಾಣ್ಯ ತಿರುಗಿಸಿ ಮುರುಗಿಸಿ ನೋಡಿ, ನಾಲ್ಕು ಜನರನ್ನು ಕರೆದು ತೋರಿಸಿ, "ಇದನ್ನ ಯಾವ ರಿಜಿಸ್ಟರ್‌ನಲ್ಲಿ ಬರ್ಕೊಳ್ಳೋದ್ರಿ?" ಅಂತ ನನ್ನನ್ನೇ ಕೇಳಿದರು. ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿ ಕಂಪ್ಲೇಂಟ್ ಕೊಡ್ತೀರಾ ಅಂದರು. ಯಾರ ಮೇಲೆ ಕೊಡಲಿ, ಅಣ್ಣನ ಮೇಲಾ? ಕೊನೆಗೆ ಒಬ್ಬ ಹಿರಿಯರು ಪಾಪ ಒಳ್ಳೆ ಮನಸ್ಸಿನಿಂದಲೇ ಪಕ್ಕಕ್ಕೆ ಕರೆದು "ಸುಮ್ನೆ ಮನೇಲಿ ಇಟ್ಕೊಳ್ರಿ, ಯಾರಿಗೂ ಹೇಳಬ್ಯಾಡ್ರಿ" ಅಂದರು. ತಿಳಿಸದಿದ್ದರೆ ತಪ್ಪು ಅಂತ ಕಾನೂನು, ತಿಳಿಸಬೇಡಿ ಅಂತ ಕಚೇರಿ. ಎರಡು ದಿನದ ಕೆಲಸ ಹೋಯಿತು, ಬಸ್ ಚಾರ್ಜು ಹೋಯಿತು.

ನನ್ನ ತಕರಾರು ಇದೇ. ಉಳುಮೆ ಮಾಡುವಾಗ, ಬಾವಿ ತೋಡುವಾಗ ರೈತನಿಗೆ ಏನಾದರೂ ಸಿಗೋದು ನಮ್ಮ ಕಡೆ ಹೊಸದಲ್ಲ. ಸಿಕ್ಕಿದ್ದನ್ನು ಕೊಡೋಕೆ ಜಾಗ ಇಲ್ಲ, ಕೊಟ್ಟದ್ದಕ್ಕೆ ರಸೀದಿ ಇಲ್ಲ, ಕೊಟ್ಟವನ ಮೇಲೇ ಅನುಮಾನ. ಇನ್ನೂ ಎಷ್ಟು ಮುಚ್ಚಿಟ್ಟಿದ್ದೀಯಾ ಅಂತ ಮನೆ ನೆಲ ಅಗೆಸ್ತಾರೇನೋ ಅನ್ನೋ ಭಯ. ಹಾಗಾಗಿ ಅದು ರಾತ್ರೋರಾತ್ರಿ ಕರಗಿಸುವವನ ಕುಲುಮೆಗೆ ಹೋಗುತ್ತೆ, ಇಲ್ಲವಾದರೆ ಮಷಿನ್ ಹುಡುಗರ ಕೈಗೆ.

ಆ ಹುಡುಗರು ನೋಡೋದೆಲ್ಲ ಯೂಟ್ಯೂಬಿನಲ್ಲಿ ಇಂಗ್ಲೆಂಡಿನ ವಿಡಿಯೋ. 2009ರಲ್ಲಿ ಅಲ್ಲಿನ ಸ್ಟಾಫರ್ಡ್‌ಶೈರ್‌ನಲ್ಲಿ ಒಬ್ಬ ಇಂಥದೇ ಮಷಿನ್ ಹಿಡಿದು ಒಬ್ಬ ರೈತನ ಹೊಲದಲ್ಲಿ ಹಳೇ ಬಂಗಾರದ ರಾಶಿ ಕಂಡುಹಿಡಿದ, ಅದಕ್ಕೆ 32 ಲಕ್ಷ ಪೌಂಡ್‌ಗೂ ಜಾಸ್ತಿ ಬೆಲೆ ಕಟ್ಟಿ ಅವನಿಗೂ ರೈತನಿಗೂ ಹಂಚಿದರು. ನಿಜ. ಆದರೆ ವಿಡಿಯೋದಲ್ಲಿ ಕಾಣದ್ದೂ ಇದೆ. ಅಲ್ಲಿ ಹೊಲದ ಮಾಲೀಕನ ಒಪ್ಪಿಗೆ ಇಲ್ಲದೆ ಕಾಲಿಡುವಂತಿಲ್ಲ, ಸಂರಕ್ಷಿತ ಜಾಗದಲ್ಲಿ ಮಾಲೀಕ ಒಪ್ಪಿದರೂ ಸಾಲದು. 1996ರ ಕಾಯ್ದೆ ಪ್ರಕಾರ ನಿಧಿ ಸಿಕ್ಕಿದರೆ 14 ದಿನದೊಳಗೆ ತಿಳಿಸಬೇಕು. 1997ರಿಂದ ಅಲ್ಲಿ ಒಂದು ವ್ಯವಸ್ಥೆ ಇದೆ: ಯಾರಿಗೆ ಏನೇ ಸಿಗಲಿ, ಮುರಿದ ಅಂಗಿ ಗುಂಡಿಯೋ ಸವೆದ ನಾಣ್ಯವೋ, ಬರೆದುಕೊಳ್ಳೋಕೆ ಅಂತಲೇ ಒಬ್ಬ ಅಧಿಕಾರಿ, ಸಿಕ್ಕಿದ ಜಾಗದ ಗುರುತು ಸಮೇತ. ಹತ್ತು ಲಕ್ಷಕ್ಕೂ ಜಾಸ್ತಿ ವಸ್ತು ಹೀಗೆ ದಾಖಲಾಗಿವೆ. ನಮ್ಮವರು ಮಷಿನ್ ಮಾತ್ರ ತರಿಸಿಕೊಂಡರು, ಆ ಅಧಿಕಾರಿಯನ್ನು ತರಿಸಿಕೊಳ್ಳಲಿಲ್ಲ. ಹಾಗಂತ ಇಲ್ಲೂ ಎಲ್ಲರೂ ಮಷಿನ್ ಹಿಡಿದು ತಿರುಗಲಿ ಅಂತ ನಾನು ಹೇಳ್ತಿಲ್ಲ. ಬೇಡವೇ ಬೇಡ.

ಯಾಕೆ ಬೇಡ ಅಂದರೆ ನಮ್ಮ ಜಿಲ್ಲೆಯಲ್ಲೇ ನೋಡಿ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿ ಆಸೆಗೆ ರಾತ್ರಿ ಒಡೆದು ಹಾಕಿದರು. 1539ರಲ್ಲಿ ತೀರಿಕೊಂಡ ಒಬ್ಬ ಸನ್ಯಾಸಿಯ ಸಮಾಧಿಯಲ್ಲಿ ಏನು ಬಂಗಾರ ಇರುತ್ತೆ ಸ್ವಾಮಿ? ಭಕ್ತರು ಸೇರಿ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿದರು ಅನ್ನೋದು ಸಮಾಧಾನ. ಹಿರೇಬೆಣಕಲ್‌ನ ಮೋರೇರ ಗುಡ್ಡಕ್ಕೆ ಆ ಭಾಗ್ಯವೂ ಇಲ್ಲ. ಇತಿಹಾಸಪೂರ್ವ ಕಾಲದ ಜನ ಮನೆ ಹಾಗೆ ನಿಲ್ಲಿಸಿದ ಅಲ್ಲಿನ ಕಲ್ಲು ಸಮಾಧಿಗಳಲ್ಲಿ ಎಷ್ಟೋ ನಿಧಿಗಳ್ಳರ ಕೈಗೆ ಸಿಕ್ಕು ಉರುಳಿವೆ. ಆ ಕಾಲದ ಸಮಾಧಿಗಳಲ್ಲಿ ಸಿಗೋದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಮೂಳೆ. 2021ರಲ್ಲಿ ಅದೇ ಗುಡ್ಡ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ರಾಯಚೂರು ಜಿಲ್ಲೆಯ ಮಸ್ಕಿ ಕಥೆ ನನಗೆ ತುಂಬಾ ಇಷ್ಟ. 1915ರಲ್ಲಿ ಅಲ್ಲಿ ಅಶೋಕನ ಶಾಸನ ಕಂಡವನು ಇತಿಹಾಸದ ಪಂಡಿತನಲ್ಲ, ಬೀಡನ್ ಅಂತ ಒಬ್ಬ ಬಂಗಾರದ ಗಣಿ ಎಂಜಿನಿಯರ್! ಬಂಗಾರದ ಕೆಲಸದ ಮನುಷ್ಯ ಬಂಡೆಯ ಮೇಲಿನ ಅಕ್ಷರ ನೋಡಿ, ಇದರಲ್ಲಿ ನನಗೇನು ಲಾಭ ಅಂತ ಮುಂದೆ ಹೋಗಲಿಲ್ಲ, ತಿಳಿಸಬೇಕಾದವರಿಗೆ ತಿಳಿಸಿದ. ದೇವಾನಾಂಪ್ರಿಯ ಅಂತಷ್ಟೇ ಬೇರೆ ಕಡೆ ಬರೆಸಿಕೊಂಡ ಆ ರಾಜ ಅಶೋಕನೇ ಅಂತ ಮೊದಲು ಹೆಸರಿಟ್ಟು ಹೇಳಿದ್ದು ಆ ಬಂಡೆ. ನಿಧಿ ಇದೆ ಅಂತ ಯಾರಾದರೂ ಅದನ್ನು ಮೊದಲೇ ಸಿಡಿಸಿಬಿಟ್ಟಿದ್ದರೆ?

ಇನ್ನು ನಮ್ಮ ಹುಡುಗರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಹದಿನೈದು ದಿನ ಬಿಟ್ಟು ಫೋನು. "ಮಾವ, ಮಷಿನ್‌ಗೆ ಕಾಣಲಾರದ್ದು ಕಾಣೋರು ಒಬ್ಬರು ಸ್ವಾಮಿಗಳು ಸಿಕ್ಕಾರ, ಅಮಾವಾಸ್ಯೆ ರಾತ್ರಿ ಕರ್ಕೊಂಡು ಬರ್ತೀವಿ, ಒಂದು ಕರಿ ಕೋಳಿ ತಂದಿಡ್ರಿ" ಅಂತ. ಮೊದಲು ಮಷಿನ್, ಆಮೇಲೆ ಮಂತ್ರ, ಆಮೇಲೆ ಅಕ್ಕಿ ಎಳೆಯುತ್ತೆ ಅಂತ ನಂಬಿಸಿ ಮೋಸ ಮಾಡುವ ರೈಸ್ ಪುಲ್ಲಿಂಗ್ ಚೊಂಬು, ಆಮೇಲೆ ಲಕ್ಷ ರೂಪಾಯಿ ಅಡ್ವಾನ್ಸ್. "ಲೇ ತಮ್ಮಾ, ನಿಧಿಗೆ ಅಂತ ವಾಮಾಚಾರ ಮಾಡೋರಿಗೆ ಅಂತಲೇ 2017ರ ಕಾನೂನು ಒಂದು ಐತಿ, ಅದರ ಪಟ್ಟಿಯಲ್ಲಿ ನಿನ್ನ ಸ್ವಾಮಿಗಳ ಕೆಲಸಾನೂ ಬರ್ತದ" ಅಂದೆ. ಫೋನ್ ಇಟ್ಟ. ಈಗ ಮದುವೆ ಮುಂಜಿಯಲ್ಲಿ ಸಿಕ್ಕರೆ ಮುಖ ಆ ಕಡೆ ತಿರುಗಿಸ್ತಾನೆ.

ನಾನು ಕೇಳೋದು ದೊಡ್ಡದೇನಲ್ಲ. ಪಂಚಾಯ್ತಿ ಕಟ್ಟೆಯ ಗೋಡೆ ಮೇಲೆ ಶೌಚಾಲಯದ ಬಗ್ಗೆ, ಡೆಂಗಿ ಬಗ್ಗೆ ಬರೆಸ್ತೀರಲ್ಲ, ಅದರ ಪಕ್ಕ ನಾಲ್ಕು ಸಾಲು: ಹೊಲದಲ್ಲಿ ಹಳೇ ವಸ್ತು ಸಿಕ್ಕರೆ ಯಾರಿಗೆ ಹೇಳಬೇಕು, ಎಷ್ಟು ದಿನದಲ್ಲಿ, ಕೊಟ್ಟವರಿಗೆ ಏನು ಸಿಗುತ್ತೆ, ಮಷಿನ್ ತಂದವರು ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು. ತಾಲ್ಲೂಕಿಗೆ ಒಬ್ಬ ನೌಕರ, ಬೇರೆ ಕೆಲಸದ ಜೊತೆಗೇ ಇರಲಿ ಪರವಾಗಿಲ್ಲ, ಒಂದು ರಿಜಿಸ್ಟರು, ಒಂದು ರಸೀದಿ ಪುಸ್ತಕ. ಆನ್‌ಲೈನಲ್ಲಿ ಇಂಥ ಮಷಿನ್ ಮಾರುವವರು "ಭೂಮಿಯೊಳಗಿನ ನಿಧಿ ಹುಡುಕಿ" ಅಂತ ರಾಜಾರೋಷವಾಗಿ ಜಾಹೀರಾತು ಹಾಕ್ತಾರೆ, ಅದಕ್ಕೂ ಯಾರಾದರೂ ಮೂಗುದಾರ ಹಾಕಿದರೆ ಒಳ್ಳೆಯದು.

ಆ ನಾಣ್ಯ ಈಗ ಅವ್ವನ ಎಲೆ-ಅಡಿಕೆ ಡಬ್ಬಿಯಲ್ಲಿದೆ, ಸುಣ್ಣದ ಕಾಯಿ ಪಕ್ಕ. ನೇಗಿಲ ಗುಳವನ್ನು ಅಣ್ಣ ತೊಳೆದು ಎಣ್ಣೆ ಸವರಿ ದನದ ಮನೆಯ ಗೂಟಕ್ಕೆ ನೇತು ಹಾಕಿದ್ದಾನೆ, ಯಾಕೆ ಅಂತ ನಾನು ಕೇಳಿಲ್ಲ. ಸಂಬಂಧಪಟ್ಟವರು ಯಾರಾದರೂ ನಾಣ್ಯ ನೋಡೋಕೆ ಬರೋದಾದರೆ ಬನ್ನಿ, ಚಹಾ ಕೊಡ್ತೀವಿ, ಸಿಕ್ಕಿದ ಜಾಗವನ್ನೂ ತೋರಿಸ್ತೀವಿ, ಎಂಟನೇ ಗುಂಡಿ ಅದು, ಇನ್ನೂ ಮುಚ್ಚಿಲ್ಲ. ರಸೀದಿ ಪುಸ್ತಕ ಮಾತ್ರ ಮರೆಯದೆ ತನ್ನಿ.

ಇತಿ ನಿಮ್ಮ ಓದುಗ,
ಒಬ್ಬ ರೈತ
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ